ಗಂಟು ಒಂದು ಕಡೆ, ಮೂಲ ಇನ್ನೊಂದು ಕಡೆ: ಕ್ಯಾನ್ಸರ್ ಎಲ್ಲಿಂದ ಬಂತು ಅಂತ ಹೇಳೋ ‘ಐಎಚ್‌ಸಿ’ ಪರೀಕ್ಷೆ ಏನು?

ಹಾವೇರಿ: ಬಯಾಪ್ಸಿ ರಿಪೋರ್ಟ್ ಕೈಗೆ ಬಂದಾಗ ಮನೆಯವರ ಕಣ್ಣು ಮೊದಲು ಹುಡುಕೋದು ಒಂದೇ ಪದವನ್ನ. ಕ್ಯಾನ್ಸರ್ ಹೌದೋ, ಅಲ್ಲೋ? ಅದರ ಕೆಳಗೆ ಕೆಲವು ಸಲ ಇನ್ನೊಂದು ಸಾಲು ಇರುತ್ತೆ: ‘ಮೆಟಾಸ್ಟಾಟಿಕ್ ಕಾರ್ಸಿನೋಮಾ, ಅಡ್ವೈಸ್ ಐಎಚ್‌ಸಿ’. ಅಂದ್ರೆ, ಇದು ಬೇರೆ ಕಡೆಯಿಂದ ಹರಡಿ ಬಂದ ಕ್ಯಾನ್ಸರ್, ಮೂಲ ಎಲ್ಲಿದೆ ಅಂತ ತಿಳಿಯೋಕೆ ಐಎಚ್‌ಸಿ ಮಾಡಿಸಿ ಅಂತ.

ಎಷ್ಟೋ ಮನೆಗಳಲ್ಲಿ ಆ ಸಾಲನ್ನು ಯಾರೂ ಓದಲ್ಲ. ಓದಿದವರೂ ‘ಕ್ಯಾನ್ಸರ್ ಅಂತ ಗೊತ್ತಾತಲ್ರಿ, ಇನ್ನ ಯಾಕ ಟೆಸ್ಟು? ಬರೇ ರೊಕ್ಕಾ ಕೀಳೂ ದಂಧೆ’ ಅಂತ ಕೈಬಿಡೋದುಂಟು. ರೋಗಿ ಬಸವಳಿದಿರ್ತಾರೆ, ಕೈಯಲ್ಲಿ ದುಡ್ಡು ಖಾಲಿ ಆಗಿರುತ್ತೆ, ಅಂಥ ಹೊತ್ತಲ್ಲಿ ಈ ಮಾತು ಬರೋದು ಸಹಜವೇ. ಆದ್ರೆ ಯಾವ ಔಷಧ ಕೊಡಬೇಕು ಅನ್ನೋದು ನಿಂತಿರೋದು ಆ ಪರೀಕ್ಷೆಯ ಉತ್ತರದ ಮೇಲೆ. ಒಂದೇ ಥರ ಕಾಣೋ ಎರಡು ಗಂಟುಗಳಲ್ಲಿ ಒಂದಕ್ಕೆ ಬರೀ ಹಾರ್ಮೋನ್ ಇಂಜೆಕ್ಷನ್‌ನಲ್ಲೇ ವರ್ಷಗಟ್ಟಲೆ ಹತೋಟಿ ಸಿಗಬಹುದು, ಇನ್ನೊಂದಕ್ಕೆ ಕೀಮೊ ಬೇಕಾಗಬಹುದು. ಕಣ್ಣಿಗೆ ವ್ಯತ್ಯಾಸ ಕಾಣಲ್ಲ.

ಲಿವರ್‌ನಲ್ಲಿ ಗಂಟು ಅಂದ ಮಾತ್ರಕ್ಕೆ ಲಿವರ್ ಕ್ಯಾನ್ಸರ್ ಅಲ್ಲ

ಸ್ಕ್ಯಾನಿಂಗ್‌ನಲ್ಲಿ ಲಿವರ್ ಮೇಲೆ ನಾಲ್ಕಾರು ಗಂಟು ಕಂಡ್ರೆ ಸಾಯಂಕಾಲದ ಹೊತ್ತಿಗೆ ‘ಅವರಿಗೆ ಲಿವರ್ ಕ್ಯಾನ್ಸರ್ ಆಗೇತಂತ’ ಅಂತ ಓಣಿ ತುಂಬಾ ಸುದ್ದಿ. ನಿಜಸಂಗತಿ ಬೇರೆ ಇರಬಹುದು. ಕರುಳು, ಜಠರದಿಂದ ಬರೋ ರಕ್ತವೆಲ್ಲ ಲಿವರ್ ದಾಟಿಯೇ ಮುಂದೆ ಹೋಗಬೇಕು. ಹಾಗಾಗಿ ದೊಡ್ಡ ಕರುಳು, ಜಠರ, ಮೇದೋಜೀರಕದಲ್ಲಿ ಹುಟ್ಟಿದ ಕ್ಯಾನ್ಸರ್‌ನ ಜೀವಕೋಶಗಳು ರಕ್ತದಲ್ಲಿ ಸೇರಿ ಬಂದು ಅಲ್ಲೇ ಬೀಡುಬಿಡ್ತವೆ. ಶ್ವಾಸಕೋಶ, ಸ್ತನದ ಕ್ಯಾನ್ಸರ್ ಕೂಡ ಅಲ್ಲಿಗೆ ಬರುತ್ತೆ. ಬೆನ್ನುಮೂಳೆಯಲ್ಲಿ ಕಂಡ ಕ್ಯಾನ್ಸರ್ ಪ್ರಾಸ್ಟೇಟ್‌ನಿಂದ ಬಂದಿರಬಹುದು, ಕುತ್ತಿಗೆಯ ಗಂಟು ಬಾಯಿ, ಗಂಟಲು ಅಥವಾ ಥೈರಾಯ್ಡ್‌ನಿಂದ ಬಂದಿರಬಹುದು.

ದೊಡ್ಡ ಕರುಳಿನಿಂದ ಲಿವರ್‌ಗೆ ಬಂದು ಕೂತ ಕ್ಯಾನ್ಸರನ್ನ ವೈದ್ಯರು ‘ಕರುಳಿನ ಕ್ಯಾನ್ಸರ್’ ಅಂತಲೇ ಕರೀತಾರೆ, ಕರುಳಿನ ಕ್ಯಾನ್ಸರ್‌ನ ಔಷಧವನ್ನೇ ಕೊಡ್ತಾರೆ. ಹುಬ್ಬಳ್ಳಿ ಕಡೆಯವರು ಬೆಂಗಳೂರಿಗೆ ಹೋಗಿ ಇಪ್ಪತ್ತು ವರ್ಷ ಅಂಗಡಿ ನಡೆಸಿದ್ರೂ ಮಾತಿನ ಕೊನೆಗೆ ‘ಹೌದ್ರಿ’ ಬಿಡಲ್ಲ. ಜೀವಕೋಶದ ಕಥೆಯೂ ಹಾಗೇ. ಜಾಗ ಬದಲಾದ್ರೂ ಹುಟ್ಟಿದ ಅಂಗದ ಗುಣ ಅದರೊಳಗೆ ಉಳಿದಿರುತ್ತೆ. ಐಎಚ್‌ಸಿ ಆ ‘ಹೌದ್ರಿ’ಯನ್ನು ಕೇಳಿಸಿಕೊಳ್ಳೋ ಕಿವಿ ಇದ್ದಂಗೆ.

ಹೆಚ್ಚಿನ ರೋಗಿಗಳಲ್ಲಿ ಮೂಲ ಹುಡುಕೋದು ಕಷ್ಟ ಇಲ್ಲ. ಸ್ತನದಲ್ಲಿ ಗಂಟು ಇದೆ, ಕಂಕುಳಲ್ಲೂ ಇದೆ ಅಂದ್ರೆ ಲೆಕ್ಕ ಸರಳ. ಸ್ಕ್ಯಾನ್, ಎಂಡೋಸ್ಕೋಪಿ ಮಾಡಿದ್ರೆ ಬಹಳಷ್ಟು ಸಲ ಮೂಲ ಸಿಗುತ್ತೆ. ಆದ್ರೆ 100 ಕ್ಯಾನ್ಸರ್ ರೋಗಿಗಳಲ್ಲಿ ಸುಮಾರು 2ರಿಂದ 5 ಜನರಲ್ಲಿ ಎಲ್ಲಾ ಹುಡುಕಿದ ಮೇಲೂ ಮೂಲ ಸಿಗಲ್ಲ. ಹರಡಿದ ಗಂಟು ದೊಡ್ಡದಾಗಿ ಕಾಣುತ್ತೆ, ಹುಟ್ಟಿದ ಜಾಗದ ಗಂಟು ಸಾಸಿವೆ ಕಾಳಿನಷ್ಟು ಸಣ್ಣದಿದ್ದು ಸ್ಕ್ಯಾನ್‌ಗೂ ಸಿಗದೇ ಇರಬಹುದು. ಇಂಥವರ ಪಾಲಿಗೆ ಗಂಟಿನ ತುಣುಕೇ ದೊಡ್ಡ ಸಾಕ್ಷಿ.

ಮೆಣಸಿನಕಾಯಿ ಪುಡಿ ಆದ ಮೇಲೆ

ಬ್ಯಾಡಗಿ ಮಾರ್ಕೆಟ್‌ನಲ್ಲಿ ಪಳಗಿದ ವರ್ತಕರಿಗೆ ಕಾಯಿ ಕೈಗೆ ಕೊಟ್ರೆ ಸಾಕು. ಉದ್ದಕ್ಕೆ, ತೆಳ್ಳಗೆ, ಸುಕ್ಕುಸುಕ್ಕಾಗಿದ್ರೆ ಕಡ್ಡಿ. ಗಿಡ್ಡಕ್ಕೆ, ದುಂಡಗಿದ್ರೆ ಡಬ್ಬಿ. ಮೈ ನುಣುಪಾಗಿ, ಖಾರ ಜೋರಿದ್ರೆ ಅದು ಗುಂಟೂರು ಕಡೆಯ ಮಾಲು. ಕ್ಯಾನ್ಸರ್ ಜೀವಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡೋ ಪೆಥಾಲಜಿ ವೈದ್ಯರ ಕೆಲಸವೂ ಅರ್ಧ ಹೀಗೇನೇ, ನೋಡಿ ನೋಡಿ ಪಳಗಿದ ಕಣ್ಣಿನ ಕೆಲಸ. ಜೀವಕೋಶಗಳು ಕೊಳವೆ ಥರ ಸುತ್ತು ಕಟ್ಟಿಕೊಂಡಿದ್ರೆ ಗ್ರಂಥಿಯಿಂದ ಬಂದದ್ದು, ಚಪ್ಪಟೆ ಹಾಸಿನಂತಿದ್ರೆ ಬಾಯಿ, ಗಂಟಲು, ಗರ್ಭಕೊರಳಿನಂಥ ಜಾಗದ್ದು, ಹೀಗೆ.

ಅದೇ ಮೆಣಸಿನಕಾಯಿಯನ್ನ ಗಿರಣಿಗೆ ಹಾಕಿ ಪುಡಿ ಮಾಡಿ ತಂದುಕೊಟ್ರೆ? ಡಬ್ಬಿನೋ ಕಡ್ಡಿನೋ ಅಂತ ಕಣ್ಣಲ್ಲಿ ಹೇಳೋದು ಕಷ್ಟ. ಕೆಲವು ಕ್ಯಾನ್ಸರ್‌ಗಳು ಹೀಗೆ ಪುಡಿ ಆದ ಮಾಲಿನಂತೆ. ಬೆಳೀತಾ ಬೆಳೀತಾ ಆಕಾರವನ್ನೇ ಕಳಕೊಂಡಿರ್ತವೆ. ರಿಪೋರ್ಟ್‌ನಲ್ಲಿ ‘ಪೂರ್ಲಿ ಡಿಫರೆನ್ಶಿಯೇಟೆಡ್’ ಅಂತ ಬರೆದಿರೋದು ಇದನ್ನೇ. ಆಗ ಆಕಾರ ಬಿಟ್ಟು ಒಳಗಿನ ಸತ್ವವನ್ನ ಪರೀಕ್ಷೆ ಮಾಡಬೇಕಾಗುತ್ತೆ.

ಇಲ್ಲಿ ಸತ್ವ ಅಂದ್ರೆ ಪ್ರೊಟೀನ್. ದೇಹದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಇರೋ ಡಿಎನ್‌ಎ ಒಂದೇ. ಆದ್ರೆ ಯಾವ ಅಂಗ ಯಾವ ಪ್ರೊಟೀನ್ ತಯಾರಿಸುತ್ತೆ ಅನ್ನೋದು ಬೇರೆ ಬೇರೆ. ಥೈರಾಯ್ಡ್ ಗ್ರಂಥಿ ಥೈರೋಗ್ಲೋಬುಲಿನ್ ತಯಾರಿಸುತ್ತೆ, ಕರುಳಿಗೆ ಅದರ ಕೆಲಸ ಇಲ್ಲ. ಪ್ರಾಸ್ಟೇಟ್ ಪಿಎಸ್‌ಎ ತಯಾರಿಸುತ್ತೆ, ಶ್ವಾಸಕೋಶಕ್ಕೆ ಅದು ಬೇಡ. ಕ್ಯಾನ್ಸರ್ ಆಗಿ ಕೆಟ್ಟರೂ ಜೀವಕೋಶ ಇಂಥ ಹಳೇ ಚಾಳಿಯನ್ನ ಸಾಮಾನ್ಯವಾಗಿ ಪೂರ್ತಿ ಬಿಡಲ್ಲ. ಬೆನ್ನುಮೂಳೆಯಿಂದ ತೆಗೆದ ತುಣುಕಿನಲ್ಲಿ ಪಿಎಸ್‌ಎ ಸಿಕ್ತು ಅಂದ್ರೆ ಬೆರಳು ಪ್ರಾಸ್ಟೇಟ್ ಕಡೆ ತೋರಿಸುತ್ತೆ.

ಕಂದು ಬಣ್ಣ ಹತ್ತೋದು ಹೇಗೆ

ಒಂದು ನಿರ್ದಿಷ್ಟ ಪ್ರೊಟೀನನ್ನ ಮಾತ್ರ ಹುಡುಕಿ ಹಿಡಿಯೋದು ಹೇಗೆ? ಇದಕ್ಕೆ ಬಳಸೋದು ಆ್ಯಂಟಿಬಾಡಿ. ಹಾವಿನ ವಿಷಕ್ಕೆ ಕೊಡೋ ಇಂಜೆಕ್ಷನ್ ಹೇಗೆ ತಯಾರಾಗುತ್ತೆ ಅಂತ ಗೊತ್ತಿದ್ದವರಿಗೆ ಇದು ಬೇಗ ಅರ್ಥ ಆಗುತ್ತೆ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚಿದ್ರೆ ಅದರ ರಕ್ತದಲ್ಲಿ ಆ ವಿಷವನ್ನೇ ಹುಡುಕಿ ಅಂಟಿಕೊಳ್ಳೋ ಆ್ಯಂಟಿಬಾಡಿ ಹುಟ್ಟುತ್ತೆ. ಅದೇ ಉಪಾಯದಲ್ಲಿ ಇಲಿಗೋ ಮೊಲಕ್ಕೋ ಮನುಷ್ಯನ ಪ್ರೊಟೀನ್ ಕೊಟ್ರೆ ಆ ಪ್ರೊಟೀನಿಗೆ ಮಾತ್ರ ಅಂಟೋ ಆ್ಯಂಟಿಬಾಡಿ ಸಿಗುತ್ತೆ. ಅದಕ್ಕೊಂದು ಬಣ್ಣದ ಬಾಲ ಕಟ್ಟಿದ್ರೆ ಎಲ್ಲಿ ಅಂಟಿತು ಅಂತ ಕಣ್ಣಿಗೆ ಕಾಣುತ್ತೆ.

ಈ ಬಣ್ಣ ಕಟ್ಟೋ ಯೋಚನೆಯನ್ನ 1941ರಲ್ಲಿ ಮಾಡಿ ತೋರಿಸಿದ್ದು ಅಮೆರಿಕದ ಹಾರ್ವರ್ಡ್‌ನ ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು. ಆಮೇಲೆ 1975ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜಾರ್ಜಸ್ ಕೋಹ್ಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಒಂದೇ ಬಗೆಯ ಆ್ಯಂಟಿಬಾಡಿಯನ್ನ ಬೇಕಾದಷ್ಟು ಉತ್ಪಾದಿಸೋ ದಾರಿ ಕಂಡುಹಿಡಿದ್ರು. 1984ರಲ್ಲಿ ಅವರಿಗೆ ನೊಬೆಲ್ ಬಂತು. ಇವತ್ತು ಲ್ಯಾಬ್‌ನ ಫ್ರಿಜ್‌ನಲ್ಲಿ ಸಾಲಾಗಿ ಕೂತಿರೋ ಸಣ್ಣ ಸಣ್ಣ ಬಾಟಲಿಗಳು, ಒಂದೊಂದು ಪ್ರೊಟೀನಿಗೆ ಒಂದೊಂದು ಆ್ಯಂಟಿಬಾಡಿ, ಆ ಕೆಲಸದ ಫಲ.

ಲ್ಯಾಬ್‌ನಲ್ಲಿ ನಡೆಯೋದು ಇಷ್ಟು. ದೇಹದಿಂದ ತೆಗೆದ ತುಣುಕನ್ನ ಫಾರ್ಮಲಿನ್‌ನಲ್ಲಿ ನೆನೆಸಿಟ್ಟು, ಆಮೇಲೆ ಕರಗಿಸಿದ ಮೇಣದಲ್ಲಿ ಅಚ್ಚು ಹಾಕ್ತಾರೆ. ಇದಕ್ಕೇ ‘ಬ್ಲಾಕ್’ ಅನ್ನೋದು, ನೋಡೋಕೆ ಸಣ್ಣ ಪ್ಲಾಸ್ಟಿಕ್ ತಟ್ಟೆ ಮೇಲೆ ಕೂರಿಸಿದ ಮೇಣದ ಬಿಲ್ಲೆ. ಅದನ್ನ ಒಂದು ಮಿಲಿಮೀಟರ್‌ನ ಸಾವಿರದಲ್ಲಿ ಮೂರು ನಾಲ್ಕು ಭಾಗದಷ್ಟು ತೆಳ್ಳಗೆ ಕತ್ತರಿಸಿ ಗಾಜಿನ ಮೇಲೆ ಹರಡ್ತಾರೆ. ಫಾರ್ಮಲಿನ್ ಪ್ರೊಟೀನುಗಳನ್ನ ಒಂದಕ್ಕೊಂದು ಗಂಟು ಹಾಕಿಬಿಟ್ಟಿರುತ್ತೆ, ಹಾಗಾಗಿ ಆ್ಯಂಟಿಬಾಡಿಗೆ ಅಂಟೋಕೆ ಜಾಗ ಸಿಗಲ್ಲ. ಈ ಗಂಟು ಬಿಡಿಸೋಕೆ ಗಾಜಿನ ಪಟ್ಟಿಯನ್ನ ದ್ರಾವಣದಲ್ಲಿ ಇಟ್ಟು ಚೆನ್ನಾಗಿ ಕುದಿಸಬೇಕು. 1991ರಲ್ಲಿ ಮೈಕ್ರೋವೇವ್ ಒಲೆಯಲ್ಲಿ ಇದನ್ನ ಮಾಡಿ ತೋರಿಸಿದ ಮೇಲೆ ಐಎಚ್‌ಸಿ ಲ್ಯಾಬ್‌ಗಳ ದಿನನಿತ್ಯದ ಕೆಲಸ ಆಯ್ತು. ಎಷ್ಟೋ ಲ್ಯಾಬ್‌ಗಳಲ್ಲಿ ಇದಕ್ಕೆ ಬಳಸೋದು ಪ್ರೆಶರ್ ಕುಕ್ಕರ್!

ಆಮೇಲೆ ಆ್ಯಂಟಿಬಾಡಿ ಹಾಕಿ, ತೊಳೆದು, ಬಣ್ಣ ಬರಿಸ್ತಾರೆ. ಹುಡುಕ್ತಿರೋ ಪ್ರೊಟೀನ್ ಇದ್ದ ಕಡೆ ಕಂದು ಬಣ್ಣ, ಉಳಿದ ಕಡೆ ತಿಳಿ ನೀಲಿ. ಪಕ್ಕದಲ್ಲಿ ‘ಕಂಟ್ರೋಲ್’ ಅಂತ ಇನ್ನೊಂದು ತುಣುಕು ಇಟ್ಟಿರ್ತಾರೆ, ಅದರಲ್ಲಿ ಆ ಪ್ರೊಟೀನ್ ಇದೆ ಅಂತ ಮೊದಲೇ ಗೊತ್ತಿರುತ್ತೆ. ಅದರಲ್ಲೂ ಬಣ್ಣ ಬರಲಿಲ್ಲ ಅಂದ್ರೆ ಟೆಸ್ಟೇ ಕೆಟ್ಟಿದೆ ಅಂತ ಅರ್ಥ, ಮತ್ತೆ ಮಾಡಬೇಕು. ಅಂಗಡಿಯ ತಕ್ಕಡಿಯನ್ನ ಸೀಲು ಹಾಕಿದ ಬಟ್ಟಿನಿಂದ ಪರೀಕ್ಷೆ ಮಾಡಿದಂಗೆ.

ಮೊದಲು ಯಾವ ಪೈಕಿ, ಆಮೇಲೆ ಯಾವ ಊರು

ಒಂದು ಬಾಟಲಿ ಹಾಕಿ ‘ಇದು ಕರುಳಿನದ್ದು’ ಅಂತ ಹೇಳಿಬಿಡೋಕೆ ಆಗಲ್ಲ. ಪೆಥಾಲಜಿಸ್ಟ್ ಹಂತಹಂತವಾಗಿ ಜರಡಿ ಹಿಡೀತಾರೆ. ಮೊದಲನೇ ಪ್ರಶ್ನೆ, ಇದು ಯಾವ ಪೈಕಿಯ ಕ್ಯಾನ್ಸರ್? ಅಂಗಗಳ ಒಳಪದರದಿಂದ ಹುಟ್ಟಿದ ಕಾರ್ಸಿನೋಮಾ ಆದ್ರೆ ಸೈಟೋಕೆರಟಿನ್ ಅನ್ನೋ ಪ್ರೊಟೀನ್ ಇರುತ್ತೆ. ರಕ್ತದ ಬಿಳಿಕಣಗಳ ಪೈಕಿಯ ಲಿಂಫೋಮಾ ಆದ್ರೆ ಸಿಡಿ45. ಚರ್ಮದ ಬಣ್ಣದ ಕಣಗಳಿಂದ ಬಂದ ಮೆಲನೋಮಾ ಆದ್ರೆ ಎಸ್100, ಸಾಕ್ಸ್10. ಈ ಮೊದಲ ಜರಡಿಯಲ್ಲೇ ಎಷ್ಟೋ ಸಲ ದೊಡ್ಡ ತೀರ್ಮಾನ ಆಗಿಹೋಗುತ್ತೆ. ಲಿಂಫೋಮಾ ಮತ್ತು ಕಾರ್ಸಿನೋಮಾ ಸೂಕ್ಷ್ಮದರ್ಶಕದಲ್ಲಿ ಕೆಲವೊಮ್ಮೆ ಒಂದೇ ಥರ ಕಂಡರೂ ಅವುಗಳ ಔಷಧ ಪೂರ್ತಿ ಬೇರೆ. ಹಲವು ಲಿಂಫೋಮಾಗಳು ಹರಡಿದ ಮೇಲೂ ಪೂರ್ತಿ ವಾಸಿ ಆಗ್ತವೆ.

ಕಾರ್ಸಿನೋಮಾ ಅಂತಾದ್ರೆ ಎರಡನೇ ಜರಡಿ. ಸೈಟೋಕೆರಟಿನ್‌ನಲ್ಲೇ ಹಲವು ಬಗೆ ಇವೆ. ಅದರಲ್ಲಿ 7 ಮತ್ತು 20ನೇ ನಂಬರಿನವು ಬಹಳ ಉಪಯೋಗ. ರಿಪೋರ್ಟ್‌ನಲ್ಲಿ ಸಿಕೆ7, ಸಿಕೆ20 ಅಂತ ಇರುತ್ತೆ. 7 ಇಲ್ಲ, 20 ಇದೆ ಅಂದ್ರೆ ದೊಡ್ಡ ಕರುಳಿನ ಕಡೆ ಅನುಮಾನ. 7 ಇದೆ, 20 ಇಲ್ಲ ಅಂದ್ರೆ ಶ್ವಾಸಕೋಶ, ಸ್ತನ, ಅಂಡಾಶಯದ ಕಡೆ. ಎರಡೂ ಇಲ್ಲ ಅಂದ್ರೆ ಪ್ರಾಸ್ಟೇಟ್, ಲಿವರ್, ಕಿಡ್ನಿ. ಎರಡೂ ಇದ್ರೆ ಮೂತ್ರಕೋಶ, ಜಠರ, ಮೇದೋಜೀರಕ ಇರಬಹುದು. ಇದು ಪೋಸ್ಟ್‌ಮನ್ ಕಾಗದವನ್ನ ತಾಲ್ಲೂಕುವಾರು ಬೇರೆ ಮಾಡಿದಂತೆ, ಮನೆ ನಂಬರ್ ಇನ್ನೂ ಸಿಕ್ಕಿಲ್ಲ.

ಮನೆ ನಂಬರ್ ಕೊಡೋದು ಮೂರನೇ ಜರಡಿ. ಟಿಟಿಎಫ್-1 ಶ್ವಾಸಕೋಶ ಮತ್ತು ಥೈರಾಯ್ಡ್‌ನಲ್ಲಿ ಬರುತ್ತೆ, ಜೊತೆಗೆ ನ್ಯಾಪ್ಸಿನ್ ಬಂದ್ರೆ ಶ್ವಾಸಕೋಶ, ಥೈರೋಗ್ಲೋಬುಲಿನ್ ಬಂದ್ರೆ ಥೈರಾಯ್ಡ್. ಸಿಡಿಎಕ್ಸ್2 ಕರುಳಿಗೆ. ಗಾಟಾ3, ಇಆರ್, ಪಿಆರ್ ಸ್ತನದ ಕಡೆ ತೋರಿಸ್ತವೆ. ಪ್ಯಾಕ್ಸ್8 ಅಂಡಾಶಯ, ಕಿಡ್ನಿ, ಥೈರಾಯ್ಡ್ ಕಡೆ. ಹೆಪ್‌ಪಾರ್-1, ಆರ್ಜಿನೇಸ್ ಬಂದ್ರೆ ಅದು ಹೆಚ್ಚಾಗಿ ನಿಜವಾಗಲೂ ಲಿವರ್‌ನದ್ದೇ ಕ್ಯಾನ್ಸರ್. ಪಿಎಸ್‌ಎ, ಎನ್‌ಕೆಎಕ್ಸ್3.1 ಪ್ರಾಸ್ಟೇಟ್‌ಗೆ.

ಒಂದು ಗೊಂದಲವನ್ನ ಇಲ್ಲೇ ಬಿಡಿಸಬೇಕು. ಐಎಚ್‌ಸಿ ರಿಪೋರ್ಟ್‌ನಲ್ಲಿ ‘ಪಾಸಿಟಿವ್’ ಅಂತ ಕಂಡು ಗಾಬರಿ ಆಗೋರು ಬಹಳ ಜನ. ಅಲ್ಲಿ ಪಾಸಿಟಿವ್ ಅಂದ್ರೆ ಆ ಪ್ರೊಟೀನಿಗೆ ಬಣ್ಣ ಹತ್ತಿದೆ ಅಂತ ಮಾತ್ರ. ಸ್ತನ ಕ್ಯಾನ್ಸರ್‌ನಲ್ಲಿ ಇಆರ್ ಪಾಸಿಟಿವ್ ಬಂದ್ರೆ ಹಾರ್ಮೋನ್ ಮಾತ್ರೆ ಕೆಲಸ ಮಾಡೋ ಸಾಧ್ಯತೆ ಇದೆ ಅಂತ, ಅದು ಒಳ್ಳೇ ಸುದ್ದಿಯೇ. ಹಾಗೇನೇ ‘ಕೆಐ-67: 60%’ ಅಂತ ಇದ್ರೆ ಮೈಯಲ್ಲಿ 60 ಭಾಗ ಕ್ಯಾನ್ಸರ್ ತುಂಬಿದೆ ಅಂತ ತಿಳಿದು ಅಳೋರಿದ್ದಾರೆ. ಅದರ ಅರ್ಥ, ನೋಡಿದ ಕ್ಯಾನ್ಸರ್ ಜೀವಕೋಶಗಳಲ್ಲಿ ನೂರಕ್ಕೆ 60 ಒಡೆದು ಬೆಳೆಯೋ ಹಂತದಲ್ಲಿವೆ ಅಂತ. ಬೆಳವಣಿಗೆಯ ವೇಗದ ಅಂದಾಜು ಅದು.

ಮೂಲ ಸಿಕ್ಕರೆ ಏನು ಬದಲಾಗುತ್ತೆ

ಅರವತ್ತೈದು ದಾಟಿದ ರೈತರೊಬ್ಬರಿಗೆ ಸೊಂಟನೋವು ಅಂತ ಇಟ್ಟುಕೊಳ್ಳಿ. ಹೊಲದ ಕೆಲಸ ಮಾಡಿದವರಿಗೆ ಸೊಂಟನೋವು ಬರದೇ ಇರುತ್ತಾ ಅಂತ ಮುಲಾಮು, ಮಾತ್ರೆ, ಮಸಾಜ್‌ನಲ್ಲಿ ತಿಂಗಳು ಕಳೆಯುತ್ತೆ. ಎಂಆರ್‌ಐ ಮಾಡಿಸಿದ್ರೆ ಮೂಳೆಗೆ ಹರಡಿದ ಕ್ಯಾನ್ಸರ್. ‘ಮೂಳೆಗೆ ಬಂದ ಮೇಲೆ ಮುಗೀತು, ಮನೀಗೆ ಕರಕೊಂಡು ಹೋಗೂದು ಚಲೋ’ ಅನ್ನೋ ಮಾತು ಹುಟ್ಟೋದು ಇಲ್ಲೇ. ತುಣುಕಿನಲ್ಲಿ ಪಿಎಸ್‌ಎ ಪಾಸಿಟಿವ್ ಬಂದ್ರೆ ಪೂರ್ತಿ ಲೆಕ್ಕ ಬದಲು. ಪ್ರಾಸ್ಟೇಟ್ ಕ್ಯಾನ್ಸರ್ ಪುರುಷ ಹಾರ್ಮೋನ್ ತಿಂದು ಬೆಳೆಯೋದು, ಅದನ್ನ ತಡೆಯೋ ಇಂಜೆಕ್ಷನ್ ಅಥವಾ ಸಣ್ಣ ಆಪರೇಷನ್ ಮಾಡಿದ್ರೆ ಹೆಚ್ಚಿನವರಲ್ಲಿ ನೋವು ಇಳಿದು ಮತ್ತೆ ಓಡಾಡ್ತಾರೆ. ಪೂರ್ತಿ ಗುಣ ಆಗಲ್ಲ, ಆದ್ರೆ ಅನೇಕರಿಗೆ ವರ್ಷಗಳು ಸಿಗ್ತವೆ.

ಮಹಿಳೆಯೊಬ್ಬರಿಗೆ ಕಂಕುಳಲ್ಲಿ ಮಾತ್ರ ಗಂಟು, ಸ್ತನದಲ್ಲಿ ಕೈಗೂ ಸಿಗಲ್ಲ, ಮ್ಯಾಮೋಗ್ರಾಮ್‌ನಲ್ಲೂ ಏನೂ ಕಾಣಲ್ಲ. ಇಂಥದ್ದು ಅಪರೂಪ, ಆದ್ರೆ ವೈದ್ಯಕೀಯ ಪುಸ್ತಕಗಳಲ್ಲಿ ಇದಕ್ಕೆ ಬೇರೆಯೇ ಅಧ್ಯಾಯ ಇದೆ. ಇಆರ್, ಗಾಟಾ3 ಬಣ್ಣ ಹತ್ತಿದ್ರೆ ಅದನ್ನ ಸ್ತನ ಕ್ಯಾನ್ಸರ್ ಅಂತಲೇ ತಿಳಿದು ಚಿಕಿತ್ಸೆ ಮಾಡ್ತಾರೆ. ‘ಎಲ್ಲೋ ಹರಡಿದ ಕೊನೇ ಹಂತ’ ಅಂತ ಕೈಚೆಲ್ಲಬೇಕಿದ್ದ ರೋಗಿಗೆ ವಾಸಿ ಮಾಡೋ ಉದ್ದೇಶದ ಚಿಕಿತ್ಸೆ ಸಿಗುತ್ತೆ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಕಾಣೋದು ಹರೆಯದ ಹುಡುಗರಲ್ಲಿ. ಹೊಟ್ಟೆಯ ಹಿಂಭಾಗದಲ್ಲೋ ಎದೆಯ ನಡುವೆಯೋ ದೊಡ್ಡ ಗಡ್ಡೆ, ಶ್ವಾಸಕೋಶದಲ್ಲೂ ಚುಕ್ಕೆ. ನೋಡಿದವರ ಎದೆ ಒಡೆಯೋ ಸ್ಕ್ಯಾನ್. ಆದ್ರೆ ಐಎಚ್‌ಸಿಯಲ್ಲಿ ಸಾಲ್4, ಆಕ್ಟ್3/4 ಬಂದ್ರೆ ಅದು ವೃಷಣದ ಬೀಜಕೋಶಗಳ ಪೈಕಿಯ ಗಡ್ಡೆ. ಸಿಸ್‌ಪ್ಲಾಟಿನ್ ಸೇರಿದ ಕೀಮೊಗೆ ಇದು ಕರಗೋ ರೀತಿಯೇ ಬೇರೆ, ಹರಡಿದ ಮೇಲೂ ಬಹುಪಾಲು ಜನ ವಾಸಿ ಆಗ್ತಾರೆ. ಇದನ್ನ ಹೆಸರಿಲ್ಲದ ಕ್ಯಾನ್ಸರ್ ಅಂತ ಬಿಟ್ಟರೆ ಉಳಿಯಬೇಕಾದ ಜೀವ ಹೋದಂಗೆ.

ಎಲ್ಲಿ ಕೈಕೊಡುತ್ತೆ

ಐಎಚ್‌ಸಿಗೂ ಮಿತಿ ಇದೆ. ಮೇಲಿನ ಯಾವ ಮಾರ್ಕರೂ ನೂರಕ್ಕೆ ನೂರು ನಂಬೋವಂಥದ್ದಲ್ಲ. ಗಾಟಾ3 ಸ್ತನದಲ್ಲಿ ಬರೋ ಹಾಗೇ ಮೂತ್ರಕೋಶದ ಕ್ಯಾನ್ಸರ್‌ನಲ್ಲೂ ಬರುತ್ತೆ. ಶ್ವಾಸಕೋಶದ ಕೆಲವು ಕ್ಯಾನ್ಸರ್‌ಗಳಲ್ಲಿ ಟಿಟಿಎಫ್-1 ಬರೋದೇ ಇಲ್ಲ. ಅದಕ್ಕೇ ನಾಲ್ಕೈದು ಮಾರ್ಕರ್ ಸೇರಿಸಿ ಓದ್ತಾರೆ. ಒಂದು ಮಾರ್ಕರ್‌ನ ಹೆಸರನ್ನ ಮೊಬೈಲ್‌ನಲ್ಲಿ ಹುಡುಕಿ ಮನೆಯಲ್ಲೇ ತೀರ್ಪು ಕೊಡೋದು ಬೇಡ.

ನಮ್ಮ ಕಡೆ ಹೆಚ್ಚು ಕಾಣೋ ಗುಟ್ಕಾ, ತಂಬಾಕಿನ ಕ್ಯಾನ್ಸರ್ ವಿಷಯದಲ್ಲಂತೂ ಐಎಚ್‌ಸಿ ಅರ್ಧ ದಾರಿಗೇ ನಿಲ್ಲುತ್ತೆ. ಕುತ್ತಿಗೆ ಗಂಟಿನಲ್ಲಿ ಪಿ40 ಪಾಸಿಟಿವ್ ಬಂದ್ರೆ ‘ಸ್ಕ್ವೇಮಸ್’ ಬಗೆ ಅಂತ ಗೊತ್ತಾಗುತ್ತೆ. ಆದ್ರೆ ಅದು ಬಾಯಿಂದ ಬಂತೋ, ಗಂಟಲಿಂದಲೋ, ಶ್ವಾಸಕೋಶದಿಂದಲೋ ಅಂತ ಆ ಬಣ್ಣ ಹೇಳಲ್ಲ. ಪಿ16 ಅನ್ನೋದು ಬಂದ್ರೆ ಟಾನ್ಸಿಲ್, ನಾಲಿಗೆಯ ಬುಡದ ಕಡೆ ಒಂದು ಸುಳಿವು ಸಿಗಬಹುದು. ಉಳಿದದ್ದನ್ನ ದುರ್ಬೀನು ಹಾಕಿಯೇ ನೋಡಬೇಕು. ಕೆಲವರಲ್ಲಿ ಇಷ್ಟೆಲ್ಲ ಆದ ಮೇಲೂ ಮೂಲ ಸಿಗದೇ ಹೋಗುತ್ತೆ. ಆಗ ವೈದ್ಯರು ಪೆಟ್ ಸ್ಕ್ಯಾನ್, ಜೀನ್ ಪರೀಕ್ಷೆಗಳ ಕಡೆ ನೋಡ್ತಾರೆ, ಅಥವಾ ಸಿಕ್ಕಷ್ಟು ಸುಳಿವಿನ ಮೇಲೆ ಕೀಮೊ ಶುರು ಮಾಡ್ತಾರೆ.

ಹೆಲ್ತ್ ಚೆಕಪ್ ಪ್ಯಾಕೇಜ್‌ಗಳಲ್ಲಿ ‘ಕ್ಯಾನ್ಸರ್ ಮಾರ್ಕರ್’ ಅಂತ ಮಾರೋ ರಕ್ತಪರೀಕ್ಷೆಗೂ ಇದಕ್ಕೂ ಹೆಸರು ಬಿಟ್ರೆ ಸಂಬಂಧ ಕಡಿಮೆ. ಸಿಇಎ, ಸಿಎ-125ರಂಥವು ಕ್ಯಾನ್ಸರ್ ಇಲ್ಲದವರಲ್ಲೂ ಏರ್ತವೆ. ಸಿಇಎ ಸಿಗರೇಟ್ ಸೇದೋರಲ್ಲಿ ಹೆಚ್ಚಿರುತ್ತೆ, ಸಿಎ-125 ಮುಟ್ಟಿನ ಸಮಯದಲ್ಲೂ ಏರಬಹುದು. ಆರೋಗ್ಯವಾಗಿರೋರು ಇವನ್ನ ಸುಮ್ಮನೆ ಮಾಡಿಸಿ ನಿದ್ದೆ ಕೆಡಿಸಿಕೊಳ್ಳೋ ಅಗತ್ಯ ಇಲ್ಲ. ಐಎಚ್‌ಸಿ ನಡೆಯೋದು ಗಂಟಿನ ತುಣುಕಿನ ಮೇಲೆ, ರಕ್ತದ ಮೇಲಲ್ಲ.

ಡಬ್ಬಿ, ಬ್ಲಾಕ್, ಹಳೇ ಕಾಗದ

ಈ ಪರೀಕ್ಷೆ ಸರಿಯಾಗಿ ಬರೋದು ಅರ್ಧ ಲ್ಯಾಬ್‌ನವರ ಕೈಯಲ್ಲಿದ್ರೆ ಇನ್ನರ್ಧ ಮನೆಯವರ ಕೈಯಲ್ಲೇ ಇದೆ. ಸಣ್ಣ ಊರುಗಳಲ್ಲಿ ನರ್ಸಿಂಗ್ ಹೋಮ್‌ನಲ್ಲಿ ಗಂಟು ತೆಗೆದು, ಡಬ್ಬಿಯಲ್ಲಿ ಹಾಕಿ, ‘ಹುಬ್ಬಳ್ಳಿ ಲ್ಯಾಬ್‌ಗೆ ಕೊಟ್ಟು ಬರ್ರಿ’ ಅಂತ ಮನೆಯವರ ಕೈಗೇ ಕೊಡೋದುಂಟು. ಆ ಡಬ್ಬಿಯಲ್ಲಿರೋ ದ್ರವ ಫಾರ್ಮಲಿನ್ನೇ ಅಂತ ಕೇಳಿಕೊಳ್ಳಿ. ನೀರಿನಲ್ಲೋ ಸಲೈನ್‌ನಲ್ಲೋ ಹಾಕಿದ್ರೆ ತುಣುಕು ಕೊಳೆಯೋಕೆ ಶುರು ಆಗುತ್ತೆ, ಪ್ರೊಟೀನ್ ಹಾಳಾಗುತ್ತೆ, ಆಮೇಲೆ ಎಂಥ ದೊಡ್ಡ ಲ್ಯಾಬ್‌ಗೆ ಕೊಟ್ರೂ ಬಣ್ಣ ಹತ್ತಲ್ಲ. ತುಣುಕು ದ್ರವದಲ್ಲಿ ಚೆನ್ನಾಗಿ ಮುಳುಗಿರಬೇಕು, ತುಣುಕಿನ ಹತ್ತು ಪಟ್ಟು ದ್ರವ ಇದ್ರೆ ಒಳ್ಳೇದು. ಘಾಟು ಹೊಡೀತದೆ ಅಂತ ದ್ರವ ಚೆಲ್ಲಬಾರದು. ಫ್ರೀಜರ್‌ನಲ್ಲಿ ಇಡಬಾರದು. ಅಮಾವಾಸ್ಯೆ, ಹಬ್ಬ ಅಂತ ನಾಲ್ಕು ದಿನ ಮನೆಯಲ್ಲೇ ಇಟ್ಟುಕೊಂಡ್ರೂ ಕೆಡುತ್ತೆ. ಸ್ತನ ಕ್ಯಾನ್ಸರ್‌ನ ಇಆರ್, ಹರ್-2 ಪರೀಕ್ಷೆಗೆ ತುಣುಕು ಫಾರ್ಮಲಿನ್‌ನಲ್ಲಿ 6 ಗಂಟೆಗಿಂತ ಕಡಿಮೆಯೂ ಇರಬಾರದು, 72 ಗಂಟೆ ಮೀರಲೂಬಾರದು ಅಂತ ನಿಯಮ.

‘ಒಮ್ಮೆ ಸೂಜಿ ಚುಚ್ಚಿ ತಗದಾರಲ್ರಿ, ಮತ್ಯಾಕ?’ ಅನ್ನೋ ಪ್ರಶ್ನೆಗೂ ಉತ್ತರ ಇದೆ. ಸಣ್ಣ ಸೂಜಿಯ ಎಫ್‌ಎನ್‌ಎಸಿಯಲ್ಲಿ ಬರೋದು ಬಿಡಿ ಬಿಡಿ ಜೀವಕೋಶ. ಅದನ್ನ ಗಾಜಿನ ಮೇಲೆ ಸವರಿದ್ರೆ ಮುಗೀತು, ಮೇಣದ ಬ್ಲಾಕ್ ಆಗಲ್ಲ. ಐಎಚ್‌ಸಿಗೆ ಒಂದೊಂದು ಮಾರ್ಕರ್‌ಗೂ ಒಂದೊಂದು ತೆಳು ಪದರ ಬೇಕು. ಹಾಗಾಗಿ ಸ್ವಲ್ಪ ದಪ್ಪ ಸೂಜಿಯಲ್ಲಿ ತುಣುಕು ತೆಗೀಬೇಕಾಗುತ್ತೆ. ಹೊಟ್ಟೆಯಲ್ಲೋ ಪುಪ್ಪುಸದ ಸುತ್ತಲೋ ನೀರು ತುಂಬಿದ್ರೆ ಆ ನೀರಿನಲ್ಲಿರೋ ಜೀವಕೋಶಗಳನ್ನ ಸೇರಿಸಿ ‘ಸೆಲ್ ಬ್ಲಾಕ್’ ಮಾಡಿಯೂ ಪರೀಕ್ಷೆ ಮಾಡಬಹುದು. ಸೂಜಿ ತಾಗಿದ್ರೆ ಕ್ಯಾನ್ಸರ್ ಊರೆಲ್ಲ ಹರಡುತ್ತೆ ಅನ್ನೋ ಹೆದರಿಕೆಯಿಂದ ಇದನ್ನ ಮುಂದೂಡೋರಿದ್ದಾರೆ. ಹಾಗೆ ಹರಡೋದು ತೀರಾ ವಿರಳ. ಯಾವ ಗಂಟಿಗೆ ಸೂಜಿ ಹಾಕಬಾರದು ಅಂತ, ಉದಾಹರಣೆಗೆ ವೃಷಣದ ಗಂಟಿಗೆ, ವೈದ್ಯರಿಗೆ ಗೊತ್ತಿರುತ್ತೆ.

ಐಎಚ್‌ಸಿಗೆ ಸಾಮಾನ್ಯವಾಗಿ ಹೊಸದಾಗಿ ಬಯಾಪ್ಸಿ ಮಾಡಿಸಬೇಕಿಲ್ಲ. ಮೊದಲ ಬಯಾಪ್ಸಿಯ ಬ್ಲಾಕ್‌ನಲ್ಲಿ ತುಣುಕು ಉಳಿದಿದ್ರೆ ಅದೇ ಸಾಕು. ಊರಲ್ಲಿ ಮಾಡಿಸಿದ ಬಯಾಪ್ಸಿಯ ಬ್ಲಾಕನ್ನ ಲ್ಯಾಬ್‌ಗೆ ಅರ್ಜಿ ಬರೆದುಕೊಟ್ಟು ಪಡೆದು, ಬೆಂಗಳೂರಿನ ಕಿದ್ವಾಯಿಗೋ ಹುಬ್ಬಳ್ಳಿ, ದಾವಣಗೆರೆಯ ಆಸ್ಪತ್ರೆಗೋ ಒಯ್ಯಬಹುದು. ರಿಪೋರ್ಟ್‌ನ ಜೆರಾಕ್ಸ್ ಮಾತ್ರ ಹಿಡಿದು ಬೆಂಗಳೂರಿಗೆ ಹೋದವರು ‘ಬ್ಲಾಕ್ ತನ್ನಿ’ ಅಂತ ಕೇಳಿಸಿಕೊಂಡು ವಾಪಸ್ ಬಸ್ ಹತ್ತೋದು ಹೊಸದೇನಲ್ಲ. ಮೊದಲೇ ಬ್ಲಾಕ್, ಸ್ಲೈಡ್, ರಿಪೋರ್ಟ್ ಮೂರೂ ಕೇಳಿ ತಗೊಂಡ್ರೆ ಒಂದು ಓಡಾಟ ಉಳಿಯುತ್ತೆ. ಬ್ಲಾಕ್ ಮೇಣದ್ದು ಅನ್ನೋದು ನೆನಪಿರಲಿ. ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ, ಬೈಕ್ ಬಾಕ್ಸ್‌ನಲ್ಲಿ ಇಟ್ಟು ಮರೆತ್ರೆ ಮೆತ್ತಗಾಗಬಹುದು. ಕೈಚೀಲದಲ್ಲಿ, ನೆರಳಿನಲ್ಲಿ ಇಟ್ಟುಕೊಂಡು ಹೋಗಿ.

ಹಳೇ ಆಸ್ಪತ್ರೆ ಕಾಗದಗಳನ್ನೂ ಹುಡುಕಿ ಒಯ್ಯಿ. ಹತ್ತು ವರ್ಷದ ಹಿಂದೆ ಗರ್ಭಕೋಶ ತೆಗೆಸಿದ್ದು, ಅಂಗಾಲಿನಲ್ಲಿ ಕಪ್ಪು ಗುಳ್ಳೆ ಕುಯ್ಯಿಸಿದ್ದು, ಥೈರಾಯ್ಡ್ ಗಂಟು ತೆಗೆಸಿದ್ದು ಮನೆಯವರಿಗೆ ಮರೆತೇ ಹೋಗಿರುತ್ತೆ. ಪೆಥಾಲಜಿಸ್ಟ್‌ಗೆ ಅದು ಗೊತ್ತಾದ್ರೆ ಯಾವ ಬಾಟಲಿ ಮೊದಲು ತೆಗೀಬೇಕು ಅಂತ ತಿಳಿಯುತ್ತೆ. ತುಣುಕು ಸಣ್ಣದಿದ್ದಾಗ ಇದು ಬಹಳ ಮುಖ್ಯ. ಕತ್ತಲಲ್ಲಿ ಇಪ್ಪತ್ತು ಮಾರ್ಕರ್ ಹಾಕೋಷ್ಟರಲ್ಲಿ ತುಣುಕೇ ಮುಗಿದುಹೋಗಬಹುದು. ಒಂದೊಂದು ಮಾರ್ಕರ್‌ಗೂ ಬೇರೆ ಬೇರೆ ಚಾರ್ಜ್ ಹಾಕೋ ಲ್ಯಾಬ್‌ಗಳಲ್ಲಿ ಬಿಲ್ ಕೂಡ ಏರುತ್ತೆ. ಎಷ್ಟು ಮಾರ್ಕರ್, ಒಟ್ಟು ಎಷ್ಟಾಗುತ್ತೆ ಅಂತ ಮೊದಲೇ ಕೇಳಿಕೊಳ್ಳೋದು ತಪ್ಪಲ್ಲ.

ಖರ್ಚಿನ ವಿಷಯಕ್ಕೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಂತೆ 1.5 ಲಕ್ಷದವರೆಗೆ ಚಿಕಿತ್ಸಾ ವೆಚ್ಚ ಸಿಗುತ್ತೆ. ಐಎಚ್‌ಸಿ ಖರ್ಚು ಆ ಪ್ಯಾಕೇಜ್‌ನ ಒಳಗೆ ಬರುತ್ತೋ, ಕೈಯಿಂದ ಕಟ್ಟಬೇಕೋ ಅನ್ನೋದನ್ನ ಆಸ್ಪತ್ರೆಯಲ್ಲಿ ಕೂರೋ ಆರೋಗ್ಯ ಮಿತ್ರರ ಹತ್ರ ಟೆಸ್ಟ್‌ಗೆ ಕೊಡೋ ಮುಂಚೆಯೇ ವಿಚಾರಿಸಬೇಕು. ರೇಷನ್ ಕಾರ್ಡ್, ಆಧಾರ್ ಎರಡೂ ಜೊತೆಗಿರಲಿ. ಐಎಚ್‌ಸಿ ರಿಪೋರ್ಟ್ ಬರೋಕೆ ಕೆಲವು ದಿನ ಹಿಡಿಯುತ್ತೆ, ಎರಡನೇ ಸುತ್ತು ಮಾರ್ಕರ್ ಹಾಕಬೇಕಾದ್ರೆ ಇನ್ನೂ ಸ್ವಲ್ಪ ದಿನ. ಮೂಳೆಯ ತುಣುಕು ಆದ್ರೆ ಮೊದಲು ಅದನ್ನ ಆ್ಯಸಿಡ್‌ನಂಥ ದ್ರಾವಣದಲ್ಲಿ ಮೆತ್ತಗೆ ಮಾಡಬೇಕಾದ್ದರಿಂದ ಮತ್ತಷ್ಟು ತಡ ಆಗುತ್ತೆ.